ಕೆಂಪು ಕಾರಿನ ಗಾಳಿಬಾಯಿ

ಸಾಗರ
18 ನವೆಂಬರ್ 2024

ಯೋಗರಾಜ,

ಡಬ್ಬ ಬಿಚ್ಚುವ ಮೊದಲು ಇದನ್ನು ಓದು. ಬಸ್ಸಿನವರ ಕೈಯಲ್ಲಿ ಕೊಟ್ಟಿದ್ದೇನೆ. ತೀರ್ಥಹಳ್ಳಿ ಸ್ಟ್ಯಾಂಡಿನಲ್ಲಿ ಇಳಿಸುತ್ತೇವೆ ಅಂದಿದ್ದಾರೆ. ಇಳಿಸುತ್ತಾರೋ ಮರೆಯುತ್ತಾರೋ, ಯಾರ ಕಾಲಡಿ ಸಿಕ್ಕಿ ಮುರಿಯುತ್ತದೋ ಎಂದು ಈಗಲೇ ಯೋಚನೆ ಹತ್ತಿದೆ. ಫೋನು ಮಾಡಬಹುದಿತ್ತು. ಆದರೆ ಹೊಸನಗರದ ನಮ್ಮ ಗ್ಯಾರೇಜು ಮುಚ್ಚಿದ ಮೇಲೆ ಈ ಎಂಟು ವರ್ಷದಲ್ಲಿ ಎರಡೇ ಸಲ ನಾವು ಫೋನಿನಲ್ಲಿ ಮಾತಾಡಿದ್ದು, ಎರಡು ಸಲವೂ ನೀನು ನಡುವೆ ಇಟ್ಟುಬಿಟ್ಟೆ. ಕಾಗದವಾದರೆ ಕೊನೆಯವರೆಗೆ ಓದುತ್ತೀಯ ಅಂತ ಒಂದು ಆಸೆ.

ರವೀಂದ್ರ ಸಾರ್ ಅವರ ಕೆಂಪು ಕಾರು ನನ್ನ ಶೆಡ್ಡಿಗೆ ಬಂದಿದೆ. ಅದೇ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು.

ಅವರ ಮಗಳು ಸ್ಪಂದನಾ ಲಾರಿಯ ಮೇಲೆ ತಂದು ಇಳಿಸಿದಳು. ಇಷ್ಟು ವರ್ಷ ಅವಳ ಸೋದರಮಾವನ ಕೊಟ್ಟಿಗೆಯಲ್ಲಿ ಟಾರ್ಪಾಲಿನಡಿ ಇತ್ತಂತೆ. ಸಾರ್ ತೀರಿಕೊಂಡು ಬರುವ ಫೆಬ್ರವರಿ 22ಕ್ಕೆ ಎರಡು ವರ್ಷ. "ಗುತ್ಯಪ್ಪ ಮಾಮ, ಆ ದಿನ ನಾನೇ ಓಡಿಸ್ಕೊಂಡು ಅಮ್ಮನ್ನ ಕೂರಿಸ್ಕೊಂಡು ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಹೋಗಿ ಬರ್ತೀನಿ. ಅಪ್ಪ ಹೋಗ್ತಿದ್ದ ದಾರೀಲೇ" ಅಂದಳು. ಆಯ್ತಮ್ಮ ಅಂದೆ.

ಕಾರಿನ ಮುಂಭಾಗ ಗುದ್ದಿ ನುಗ್ಗಾದದ್ದನ್ನು ನಾನು ಸರಿ ಮಾಡಿಕೊಳ್ಳುತ್ತೇನೆ. ಕಷ್ಟ ಇರುವುದು ಹಿಂದೆ. ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಬರೆಯುತ್ತೇನೆ, ಬರೆದರೆ ನನಗೇ ಒಂದು ಧೈರ್ಯ. ಬಾಗಿಲು ಹಾಕಿದಾಗ ಕಾರಿನ ಒಳಗಿನ ಗಾಳಿ ಹೊರಗೆ ಹೋಗಲೆಂದು ಹಿಂದಿನ ಬಂಪರಿನ ಒಳಗೆ ಎಡಕ್ಕೊಂದು ಬಲಕ್ಕೊಂದು ಅಂಗೈಯಗಲದ ಕಿಂಡಿ ಇದೆಯಲ್ಲ, ನಾವು ಗಾಳಿಬಾಯಿ ಅನ್ನುತ್ತಿದ್ದೆವಲ್ಲ. ಅದರ ಮೇಲೆ ತೆಳು ರಬ್ಬರ್ ಪಟ್ಟಿ ಇಳಿಬಿದ್ದಿರಬೇಕು. ಒಳಗಿನ ಗಾಳಿ ತಳ್ಳಿದರೆ ಏಳಬೇಕು, ಆಮೇಲೆ ತಾನಾಗಿ ಬಿದ್ದು ಮುಚ್ಚಬೇಕು, ಹೊರಗಿನದನ್ನು ಒಳಗೆ ಬಿಡಬಾರದು. ಯಾಕೆಂದರೆ ಒಂದು ಮೊಳದಾಚೆಗೇ ಸೈಲೆನ್ಸರಿನ ಬಾಯಿ ಇದೆ.

2015ರ ಮಳೆಗಾಲದಲ್ಲಿ ಆ ರಬ್ಬರ್ ಕೊಳೆತು ಉದುರಿತ್ತು. ಒಳಗೆ ನೀರು, ನೀರಿನ ಸಂಗಡ ರಕ್ತ ಹೀರುವ ಇಂಬಳ, ಸಾರ್ ಬ್ರೇಕ್ ತುಳಿಯುವ ಕಾಲೆಲ್ಲ ರಕ್ತ. ಹೊರದೇಶದಿಂದ ಹೊಸ ಪಟ್ಟಿ ಬರುವ ತನಕ ಇರಲಿ ಎಂದು, ಊಟದ ತಟ್ಟೆ ಮಾಡುವ ಅಡಿಕೆ ಹಾಳೆಯನ್ನು ನೆನೆಸಿ ಕತ್ತರಿಸಿ ಕೂರಿಸಿದವನು ನಾನು. "ನಿಂದು ಮೆಷಿನ್ನಿಗೂ ಇಲ್ಲದ ತಲೆ ಮಾರಾಯ" ಎಂದು ಸಾರ್ ಬೆನ್ನು ತಟ್ಟಿದ್ದರು. ಹೊಸ ಪಟ್ಟಿ ಬರಲೇ ಇಲ್ಲವಲ್ಲ.

ಅದೇ ಹಾಳೆ ಈಗಲೂ ಅಲ್ಲಿತ್ತು. ಎಡಗಡೆಯದನ್ನು ಚೌಕಟ್ಟಿನ ಸಮೇತ ಕಳಿಸಿದ್ದೇನೆ. ಹೇಗೆ ಸುರುಳಿ ಸುತ್ತಿಕೊಂಡಿದೆ ನೋಡು. ನಾನೇನೂ ಹೇಳುತ್ತಿಲ್ಲ. ನೀನು ನೋಡು, ಅಷ್ಟೆ.

ನಿನ್ನ ಸೀಟ್ ಕವರಿನ ಅಂಗಡಿಯಲ್ಲಿ ತೆಳು ರಬ್ಬರ್ ಇರುತ್ತದೆ. ನಿನ್ನಷ್ಟು ನೇರವಾಗಿ ಕತ್ತರಿಸುವ ಕೈ ನನಗಿಲ್ಲ. ಎರಡು ಪಟ್ಟಿ ಮಾಡಿ ಕಳಿಸು. ಸಿಕ್ಕಿತು ಅಂತಲಾದರೂ ಒಂದು ಸಾಲು ಬರೆ.

ಗುತ್ಯಪ್ಪ


ತೀರ್ಥಹಳ್ಳಿ
2 ಡಿಸೆಂಬರ್ 2024

ಗುತ್ಯಣ್ಣ,

ಸಿಕ್ಕಿತು. ಕಂಡಕ್ಟರ್ ಅದನ್ನು ಕೋಳಿಮರಿಯ ಹಾಗೆ ಎರಡು ಕೈಯಲ್ಲಿ ಹಿಡಿದು ತಂದ. "ಎಂತದು ಮಾರಾಯ್ರೆ ಇದ್ರಲ್ಲಿ? ಸಾಗರದಲ್ಲಿ ಕೊಟ್ಟವ್ರು ಬಸ್ಸು ಹೊರಟ ಮೇಲೂ ಹಿಂದೆ ಓಡಿ ಬಂದು ಹುಷಾರು ಹುಷಾರು ಅಂತಿದ್ರು" ಅಂದ. ನೀನು ಬದಲಾಗಿಲ್ಲ.

ಹಾಳೆ ನೋಡಿದೆ. ಎಂಟೊಂಬತ್ತು ವರ್ಷ ಒಣಗಿದರೆ ನೀನೂ ಸುರುಟಿಕೊಳ್ಳುತ್ತೀಯ, ನಾನೂ ಸುರುಟಿಕೊಳ್ಳುತ್ತೇನೆ. ಅದಕ್ಕೆ ಅರ್ಥ ಹಚ್ಚುತ್ತಾ ಕೂರಬೇಡ. ಆ ಮನುಷ್ಯ ಕುಂದಾಪುರದಲ್ಲಿ ಯಾರದೋ ಮನೆಯ ಊಟಕ್ಕೆ ಹೋಗಿ, ಕುಡಿದು, ಬರುತ್ತಾ ಘಾಟಿ ಹತ್ತಿ ನಗರದ ಪೇಟೆ ದಾಟಿದ ಮೇಲೆ ಮೋರಿಗೆ ಗುದ್ದಿ ಕಾಲು ಮುರಿದುಕೊಂಡ. ಕಾರಿನಲ್ಲಿ ಬಾಟಲಿ ಸಿಕ್ಕಿತ್ತು. ಊರಿಗೆಲ್ಲ ಗೊತ್ತಿರುವ ಸಂಗತಿ.

ಅಳತೆ ತೆಗೆದುಕೊಂಡಿದ್ದೇನೆ. ಪಟ್ಟಿ ಕಳಿಸುತ್ತೇನೆ. ಹಳೆಯ ಮಾತು ಕಳಿಸುವುದಿಲ್ಲ, ನೀನೂ ಕಳಿಸಬೇಡ.

ಯೋಗರಾಜ್


ಸಾಗರ
21 ಡಿಸೆಂಬರ್ 2024

ಯೋಗರಾಜ,

ಕಳಿಸಬೇಡ ಅಂದೆ. ಆದರೆ ನನ್ನ ಹತ್ತಿರ ಉಳಿದ ಬಲಗಡೆಯ ಹಾಳೆ ಸುಮ್ಮನಿರಲು ಬಿಡುತ್ತಿಲ್ಲ.

ಅದನ್ನು ಬಕೆಟ್ ನೀರಿನಲ್ಲಿ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಬಟ್ಟೆಯ ಹಾಗೆ ಮೆತ್ತಗಾಯಿತು. ಕಿಂಡಿಗೆ ಕೂರಿಸಿದರೆ ಎಷ್ಟು ಚೆನ್ನಾಗಿ ಮುಚ್ಚುತ್ತದೆ ಅಂದರೆ ನನಗೇ ನನ್ನ ಕೈಕೆಲಸದ ಮೇಲೆ ಹೆಮ್ಮೆ ಬಂತು, ಆ ಹೆಮ್ಮೆಗೆ ನಾಚಿಕೆಯೂ ಬಂತು. ಮಳೆಗಾಲ ಪೂರ್ತಿ ಅದು ಹಾಗೇ ಇದ್ದದ್ದು. ಆಮೇಲೆ ಬಿಸಿಲಿಗಿಟ್ಟೆ. ಎರಡನೇ ದಿನ ಅಂಚು ಎದ್ದಿತು. ಮೂರನೇ ದಿನ ನಾಲ್ಕು ಬೆರಳು ತೂರುವಷ್ಟು ಜಾಗ ಬಿಟ್ಟು ಸುರುಟಿ ನಿಂತಿತು. ಮೂರು ದಿನ ಸಾಕಾಯಿತು ಯೋಗರಾಜ, ಎಂಟು ವರ್ಷ ಬೇಕಾಗಲಿಲ್ಲ. ಸಾರ್ ಗುದ್ದಿದ್ದು ಮಾರ್ಚಿನಲ್ಲಿ.

ಅಷ್ಟಕ್ಕೇ ಬಿಡಲಿಲ್ಲ. ಸಾರ್ ಯಾವಾಗಲೂ ಗಾಜನ್ನು ಎರಡು ಬೆರಳು ಇಳಿಸಿಕೊಂಡು ಓಡಿಸುತ್ತಿದ್ದರು, ನೆನಪಿದೆಯಾ? ಓಡುವಾಗ ಆ ಸಂದಿನಿಂದ ಒಳಗಿನ ಗಾಳಿ ಹೊರಗೆ ಎಳೆದುಕೊಂಡು ಹೋಗುತ್ತದೆ, ಹೋದಷ್ಟು ಎಲ್ಲಿಂದಾದರೂ ಒಳಗೆ ಬರಬೇಕು. ಸೀಟಿನ ಧೂಳು ಎಳೆಯುವ ಮೆಷಿನ್ನಿನ ಪೈಪನ್ನು ಅದೇ ಸಂದಿಗೆ ಸಿಕ್ಕಿಸಿ, ಸುತ್ತ ಬಟ್ಟೆ ತುರುಕಿ, ಚಾಲೂ ಮಾಡಿದೆ. ಹಿಂದೆ ಹೋಗಿ, ಸುರುಟಿದ ಹಾಳೆಯನ್ನೇ ಮತ್ತೆ ಕೂರಿಸಿದ್ದ ಗಾಳಿಬಾಯಿಯ ಹತ್ತಿರ ಊದುಬತ್ತಿ ಹಿಡಿದೆ. ಹೊಗೆ ಒಂದು ಎಳೆಯೂ ಮೇಲೆ ಹೋಗಲಿಲ್ಲ. ನೂಲಿನ ಹಾಗೆ ನೇರ ಒಳಗೆ ಹೋಯಿತು. ಸೀಟಿನ ಹಿಂದಿನಿಂದ ಎದ್ದು ಡ್ರೈವರ್ ಕೂರುವ ಕಡೆಗೇ ಬಂತು. ಊದುಬತ್ತಿಯದ್ದಕ್ಕೆ ವಾಸನೆ ಇದೆ, ಕಣ್ಣಿಗೂ ಕಾಣುತ್ತದೆ. ಇಂಜಿನ್ನಿನ ಹೊಗೆಯಲ್ಲಿ ಮನುಷ್ಯನನ್ನು ಮಂಪರು ಮಾಡುವ ಭಾಗಕ್ಕೆ ಎರಡೂ ಇಲ್ಲ.

ನಿನ್ನೆ ಸ್ಪಂದನಾ ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದಿದ್ದಳು. ನಾನು ಕೇಳಬಾರದಿತ್ತು, ಕೇಳಿದೆ. "ಅಪ್ಪ ಆ ದಿನದ ಬಗ್ಗೆ ಎಂತ ಹೇಳ್ತಿದ್ರಮ್ಮಾ?"

"ಸಾಯೋ ತನಕ ಒಂದೇ ಮಾತು ಮಾಮ. ಘಾಟಿ ಹತ್ತುವಾಗ ತಲೆ ಭಾರ ಆಯ್ತು, ಕಣ್ಣು ಎಳೀತು, ನಾನು ಒಂದು ತೊಟ್ಟೂ ಮುಟ್ಟಿಲ್ಲ. ಬಾಟಲಿ ಇನ್ಯಾರಿಗೋ ಕೊಡಕ್ಕೆ ತಂದಿದ್ದು, ಮುಚ್ಚಳ ಕೂಡ ತೆಗೆದಿರ್ಲಿಲ್ಲ ಅಂತ."

"ಅಮ್ಮ ಎಂತ ಅಂತಿದ್ರು?"

"ಅಮ್ಮ ಅನ್ನ ಬಡಿಸಿ ಎದ್ದು ಹೋಗ್ತಿದ್ರು."

ಜೋಗದ ಪವರ್ ಹೌಸಿನಲ್ಲಿ ಕೆಲಸದಲ್ಲಿದ್ದಾಗ ಸಾರ್ ಅವರಿಗೆ ಮೋರಿ ಇಂಜಿನಿಯರ್ ಅಂತಲೇ ಹೆಸರಾಗಿತ್ತಂತೆ. ನಿವೃತ್ತಿಯ ದಿನ ಹಾರ ಹಾಕುವಾಗಲೂ ಹಿಂದಿನಿಂದ ಯಾರೋ, "ಸಾರ್, ಮೋರಿ ನೋಡ್ಕೊಂಡು ಹೋಗಿ" ಅಂದರಂತೆ. ಆ ಹುಡುಗಿ ನಗುತ್ತಲೇ ಹೇಳಿದಳು. ನನಗೆ ಕೈಯಲ್ಲಿದ್ದ ಸ್ಪಾನರ್ ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಕಾರು ಗುದ್ದಿದ ಮಾರನೇ ದಿನ ಎಳೆದು ತಂದು ನಮ್ಮ ಗ್ಯಾರೇಜಿನಲ್ಲಿ ನಿಲ್ಲಿಸಿದಾಗ, "ಹಿಂದೆ ಒಮ್ಮೆ ಬಿಚ್ಚಿ ನೋಡನಾ?" ಅಂತ ನಾನು ಕೇಳಿದ್ದೆ. ನೀನು, "ಕುಡ್ದವ್ನ ಕಾರಲ್ಲಿ ಎಂತ ನೋಡದು" ಎಂದು ಟಾರ್ಪಾಲು ಎಳೆದೆ. ನಾನು ಮತ್ತೆ ಕೇಳಲಿಲ್ಲ. ನೀನು ಬೇಡ ಅಂದದ್ದೇ ನನಗೆ ಒಳ್ಳೆಯದಾಗಿತ್ತು, ನಿಜ ಹೇಳಬೇಕೆಂದರೆ. ಆವತ್ತಿನಿಂದಲೇ ನಮಗೆ ಒಬ್ಬರ ಮುಖ ಒಬ್ಬರು ನೋಡಲು ಆಗದೆ ಹೋದದ್ದು.

ಇದನ್ನು ಸ್ಪಂದನಾಳ ಅಮ್ಮನಿಗೆ, ಶ್ಯಾಮಲಮ್ಮನಿಗೆ, ಹೇಳಬೇಕಲ್ಲವಾ? ನೀನೇ ಹೇಳು.

ಗುತ್ಯಪ್ಪ


ತೀರ್ಥಹಳ್ಳಿ
30 ಡಿಸೆಂಬರ್ 2024

ಗುತ್ಯಣ್ಣ,

ಪಟ್ಟಿ ಎರಡು ಇಟ್ಟಿದ್ದೇನೆ. ಹಾಕಿ ಕಾರು ಕಳಿಸಿಬಿಡು.

ಬೇಡ. ಹೇಳಬೇಡ. ಗಂಡ ಇದ್ದಾಗ ಹೇಳಿದ್ದರೆ ಅದು ಬೇರೆ. ಈಗ ಹೇಳಿದರೆ ನಿನ್ನ ತಲೆಯ ಮೇಲಿನ ಹೊರೆ ಇಳಿಸಿ ಆ ಅಮ್ಮನ ತಲೆಯ ಮೇಲೆ ಇಡುತ್ತೀಯ, ಅಷ್ಟೆ. ಏಳು ವರ್ಷ ಸುಮ್ಮನೆ ಗಂಡನನ್ನು ನಂಬಲಿಲ್ಲ ಎಂದು ಅವರು ಉಳಿದ ಆಯುಷ್ಯ ಹೇಗೆ ಕಳೆಯಬೇಕು? ನಿನಗೆ ನಿದ್ದೆ ಬರಲಿ ಅಂತ ಅವರ ನಿದ್ದೆ ಕೆಡಿಸಬೇಡ.

ಊದುಬತ್ತಿ ದೇವರ ಮುಂದೆ ಹಚ್ಚು.

ಯೋಗರಾಜ್


ಸಾಗರ
13 ಜನವರಿ 2025

ಯೋಗರಾಜ,

ಪಟ್ಟಿ ದಪ್ಪವಾಯಿತು. ನೀನು ಕತ್ತರಿಸಿದ್ದರಲ್ಲಿ ತಪ್ಪಿಲ್ಲ, ಶೀಟೇ ದಪ್ಪ. ಮುಚ್ಚುವುದು ಮುಚ್ಚುತ್ತದೆ, ಆದರೆ ಏಳುವುದಿಲ್ಲ. ಗಾಜು ಏರಿಸಿ ಬಾಗಿಲು ಹಾಕಿದರೆ ಒಳಗಿನ ಗಾಳಿ ಹೊರಗೆ ಹೋಗದೆ ಬಾಗಿಲನ್ನೇ ವಾಪಸು ತಳ್ಳುತ್ತದೆ, ಕಿವಿ ಗವ್ವೆನ್ನುತ್ತದೆ. ಸೈಕಲ್ ಟ್ಯೂಬಿಗಿಂತಲೂ ತೆಳುವಾದದ್ದು ಬೇಕು. ಊದಿದರೆ ಏಳಬೇಕು, ಬಿಟ್ಟರೆ ಬೀಳಬೇಕು. ತಪ್ಪು ತಿಳಿಯಬೇಡ, ಇನ್ನೊಂದು ಸಲ ಮಾಡು. ದಿನ ಹತ್ತಿರ ಬಂತು.

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೇನೆ. ನೀನು ಹೇಳಿದ್ದು ಸುಳ್ಳಲ್ಲ. ಹೇಳಿದರೆ ಆ ಅಮ್ಮ ಏನಾಗುತ್ತಾರೋ ಎಂಬ ಹೆದರಿಕೆ ನನಗೆ ನಿನಗಿಂತ ಜಾಸ್ತಿ ಇದೆ. ಕೆಳದಿಗೆ ಹೋಗಿ ದೇವಸ್ಥಾನದಲ್ಲಿ ಕೂತು ಬಂದೆ, ಅಲ್ಲೂ ತೀರ್ಮಾನ ಆಗಲಿಲ್ಲ. ಆಮೇಲೆ ವಾಪಸು ಬರುವಾಗ ಬಸ್ಸಿನಲ್ಲಿ ಅನ್ನಿಸಿತು: ಆ ಹುಡುಗಿ ಅಪ್ಪನ ದಾರಿಯಲ್ಲಿ ಅಮ್ಮನನ್ನು ಕೂರಿಸಿಕೊಂಡು ಹೋಗುತ್ತಾಳೆ. ಆ ಮೋರಿಯ ಹತ್ತಿರ ಬಂದಾಗ ಅಮ್ಮ ಮಗಳು ಇಬ್ಬರೂ ಮಾತು ನಿಲ್ಲಿಸುತ್ತಾರೆ. ಒಬ್ಬರು ನಂಬಿದವರು, ಒಬ್ಬರು ನಂಬದವರು. ಅವರಿಬ್ಬರ ನಡುವೆ ನನ್ನ ಹಾಳೆ ಇದೆ ಎಂದು ಗೊತ್ತಿದ್ದೂ ನಾನು ಇಲ್ಲಿ ಪಂಚರ್ ಹಾಕುತ್ತಾ ಕೂರುವುದು ಹೇಗೆ?

ಹೇಳುತ್ತೇನೆ. ಎದುರು ನಿಂತು ಹೇಳಲು ನನ್ನಿಂದ ಆಗದು, ಬರೆದು ಕೊಡುತ್ತೇನೆ. ನಿನ್ನ ಹೆಸರು ತರುವುದಿಲ್ಲ, ಅದರ ಯೋಚನೆ ಬಿಡು. ಹಾಳೆ ಹಾಕಿದ್ದು ನಾನು, ಬುದ್ಧಿ ನನ್ನದು. ಹೊರದೇಶದ ಪಟ್ಟಿ ಬರುತ್ತದೆ ಅಂತ ಕಾದೆವು, ಬರಲಿಲ್ಲ, ನಾನು ಮರೆತೆ ಅಂತ ಬರೆಯುತ್ತೇನೆ. ಅದು ಸುಳ್ಳಲ್ಲವಲ್ಲ.

ಗುತ್ಯಪ್ಪ


ತೀರ್ಥಹಳ್ಳಿ
26 ಜನವರಿ 2025

ಗುತ್ಯಣ್ಣ,

ಡಬ್ಬದಲ್ಲಿ ಎರಡು ಪೊಟ್ಟಣ ಇದೆ. ಬಿಳಿಯದರಲ್ಲಿ ಹೊಸ ತೆಳು ಪಟ್ಟಿ. ಊದಿ ನೋಡಿದ್ದೇನೆ, ಏಳುತ್ತದೆ, ಬೀಳುತ್ತದೆ.

ಕಂದು ಕವರನ್ನು ಕೂತುಕೊಂಡು ಬಿಚ್ಚು. ಬಿಚ್ಚುವುದೇನು, ನಾನೂ ಇವತ್ತಿನವರೆಗೆ ಬಿಚ್ಚಿಲ್ಲ. ಮೇಲಿನ ಅಂಚೆ ಮುದ್ರೆಯ ತಾರೀಕು ನೋಡು.

ಪಟ್ಟಿ ಬಂದಿತ್ತು. 2016ರ ಜನವರಿಯಲ್ಲಿ. ನೀನು ತಂಗಿಯ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ನಾನೇ ಸಹಿ ಹಾಕಿ ತೆಗೆದುಕೊಂಡೆ. ಬೆಳಗ್ಗೆ, ಗ್ಯಾರೇಜಿನ ಅಂಗಳದಲ್ಲಿ ನಿಂತಿದ್ದ ಸಾರ್ ಅವರ ಕಾರಿನ ಅಡಿಗೆ ಕೈ ಹಾಕಿ ಹಾಳೆ ಮುಟ್ಟಿ ನೋಡಿದೆ. ಇಬ್ಬನಿಗೆ ಮೆತ್ತಗಿತ್ತು, ಚೆನ್ನಾಗಿ ಕೂತಿತ್ತು. ಬಂಪರ್ ಬಿಚ್ಚಿ ಹಾಕಲು ಇಡೀ ದಿನ ಹೋಗುತ್ತದೆ, ಇನ್ನೂ ಒಂದು ಮಳೆಗಾಲ ಇದೇ ತಡೆಯುತ್ತದೆ ಅಂತ ಕವರನ್ನು ಅಟ್ಟದ ಮೇಲೆ ಇಟ್ಟೆ. ಫೆಬ್ರವರಿಯಲ್ಲಿ ಸಾರ್ ಬಂದು, "ಯೋಗರಾಜ್, ಬಂತೇನಪ್ಪಾ ನಮ್ದು?" ಅಂತ ಕೇಳಿದರು. "ಇನ್ನೂ ಇಲ್ಲ ಸಾರ್" ಅಂದೆ. ಬಾಯಿಗೆ ಬಂತು, ಅಂದೆ. "ಬರ್ಲಿ ಬಿಡು, ಅವಸರ ಇಲ್ಲ" ಅಂದರು. ಅವರು ಅವಸರ ಮಾಡಿದ್ದರೆ ಹಾಕಿಬಿಡುತ್ತಿದ್ದೆ.

ಮಾರ್ಚಿನಲ್ಲಿ ಕಾರು ಎಳೆದು ತಂದಾಗ ನೀನು ಹಿಂದೆ ಬಿಚ್ಚೋಣ ಅಂದೆ. ಬಿಚ್ಚಿದರೆ ಹೊಸ ಪಟ್ಟಿ ಎಲ್ಲಿ ಅಂತ ಕೇಳುತ್ತೀಯ ಅನ್ನಿಸಿತು. ಅದಕ್ಕೇ ಟಾರ್ಪಾಲು ಎಳೆದೆ. ಅವರು ಕುಡಿದಿದ್ದರು ಅಂತ ಊರಿನಲ್ಲಿ ನನಗಿಂತ ಜೋರಾಗಿ ಯಾರೂ ಹೇಳಿಲ್ಲ, ಗುತ್ಯಣ್ಣ. ಮೋರಿ ಇಂಜಿನಿಯರ್ ಎಂಬ ಮಾತನ್ನು ಜೋಗದವರು ಹುಟ್ಟಿಸಿದ್ದಲ್ಲ. ನಮ್ಮ ಗ್ಯಾರೇಜಿನ ಎದುರು ಚಾ ಕುಡಿಯುತ್ತಾ ಮೊದಲು ಹೇಳಿ ನಗಿಸಿದವನು ನಾನು.

ಈ ಕವರನ್ನು ಎಸೆಯಬೇಕೆಂದು ಮೂರು ಸಲ ತುಂಗಾ ಸೇತುವೆಯವರೆಗೆ ಹೋಗಿದ್ದೇನೆ. ಮೂರು ಸಲವೂ ತರಕಾರಿ ತೆಗೆದುಕೊಂಡು ವಾಪಸು ಬಂದಿದ್ದೇನೆ.

ಬರಲಿಲ್ಲ ಅಂತ ಬರೆಯಬೇಡ. ಅದು ಸುಳ್ಳು. ನನ್ನ ಹೆಸರು ಬರೆ.

ಯೋಗರಾಜ


ಸಾಗರ
1 ಫೆಬ್ರವರಿ 2025

ಯೋಗರಾಜ,

ಕವರು ಬಿಚ್ಚಿದೆ. ಪಟ್ಟಿ ಕಲ್ಲಿನ ಹಾಗೆ ಗಟ್ಟಿಯಾಗಿದೆ, ಮಡಿಸಿದರೆ ಲಟ್ಟೆಂದು ಮುರಿಯಿತು.

ಎಂಟು ವರ್ಷ ತಪ್ಪು ನನ್ನೊಬ್ಬನದೇ ಅಂತ ತಿಳಿದಿದ್ದೆನಲ್ಲ. ಅದೊಂದಕ್ಕೆ ನಿನ್ನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಹರಿದದ್ದರಲ್ಲಿ ಇದ್ದದ್ದು ನಿನಗೆ ಬೇಡ.

ಹೊಸ ಪಟ್ಟಿ ಕೂರಿಸಿದೆ. ಮೆಷಿನ್ನು ಹಾಕಿ ಊದುಬತ್ತಿ ಹಿಡಿದೆ. ಪಟ್ಟಿ ಚೌಕಟ್ಟಿಗೆ ಅಂಟಿ ಕೂತಿತು, ಹೊಗೆ ನೇರ ಮೇಲೆ ಹೋಯಿತು. ಮೆಷಿನ್ನು ತೆಗೆದು ಬಾಗಿಲು ಹಾಕಿದಾಗ ಎರಡೂ ಪಟ್ಟಿ ಪಟಕ್ಕೆಂದು ಎದ್ದು ಬಿದ್ದವು. ಹತ್ತು ಸಲ ಹಾಕಿ ನೋಡಿದೆ. ಹನ್ನೊಂದನೇ ಸಲವೂ ನೋಡಿದೆ.

ಗುತ್ಯಪ್ಪ


ಸಾಗರ
4 ಫೆಬ್ರವರಿ 2025

ಶ್ಯಾಮಲಮ್ಮನವರಿಗೆ,

ಈ ಕಾಗದವನ್ನು ಸ್ಪಂದನಾಳ ಕೈಯಲ್ಲಿ ಕೊಡುತ್ತಿದ್ದೇನೆ. ಅವಳು ಓದಿಲ್ಲ. ನಾನು ಹೆಚ್ಚು ಓದಿದವನಲ್ಲ, ಆರನೆಯದಕ್ಕೆ ಬಿಟ್ಟವನು, ತಪ್ಪಿದ್ದರೆ ಹೊಂದಿಸಿಕೊಂಡು ಓದಬೇಕು. ಅಕ್ಷರದ ತಪ್ಪಿನ ಮಾತು ಹೇಳಿದೆ. ಉಳಿದ ತಪ್ಪನ್ನು ಹೊಂದಿಸಿಕೊಳ್ಳಿ ಎನ್ನಲು ನನಗೆ ಬಾಯಿಲ್ಲ.

ಸಾರ್ ಆ ದಿನ ಕುಡಿದಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ನಾನು ಕಣ್ಣಿನಿಂದ ಕಂಡದ್ದಲ್ಲ. ಕಂಡದ್ದು ಇಷ್ಟು. ಅವರ ಕಾರಿನ ಹಿಂದೆ ಹೊಗೆ ಒಳಗೆ ಬರದಂತೆ ತಡೆಯುವ ರಬ್ಬರ್ ಪಟ್ಟಿ ಇರಬೇಕಿತ್ತು. ಅದರ ಜಾಗದಲ್ಲಿ ನಾನು ಎಡಕ್ಕೊಂದು ಬಲಕ್ಕೊಂದು ಅಡಿಕೆ ಹಾಳೆ ಹಾಕಿದ್ದೆ. ಬಿಸಿಲಿಗೆ ಅದು ಸುರುಟಿ ಜಾಗ ಬಿಟ್ಟಿತ್ತು. ಈಚೆಗೆ ಆ ಹಳೆಯ ಹಾಳೆ ಇಟ್ಟೇ ಊದುಬತ್ತಿ ಹಿಡಿದು ನೋಡಿದೆ, ಹೊಗೆ ನೇರ ಒಳಗೆ ಹೋಯಿತು. ಘಾಟಿ ಹತ್ತುವಾಗ ಇಂಜಿನ್ನಿನ ಹೊಗೆ ಆ ಜಾಗದಿಂದ ಒಳಗೆ ಬಂದಿರಬೇಕು. ಅದು ಗೊತ್ತಾಗದ ಹಾಗೆ ತಲೆ ಭಾರ ಮಾಡುತ್ತದೆ, ಕಣ್ಣು ಮುಚ್ಚಿಸುತ್ತದೆ. ಸಾರ್ ಕೂಡ ಅದೇ ಮಾತು ಹೇಳುತ್ತಿದ್ದರಂತೆ.

ಹಾಕಬೇಕಾದ ರಬ್ಬರ್ ಎರಡು ತಿಂಗಳ ಮೊದಲೇ ನಮ್ಮ ಗ್ಯಾರೇಜಿಗೆ ಬಂದಿತ್ತು. ನನ್ನ ಜೊತೆಗಾರ ಯೋಗರಾಜ ಅದನ್ನು ಹಾಕದೆ ಇಟ್ಟುಕೊಂಡ, ಸಾರ್ ಕೇಳಿದಾಗ ಬಂದಿಲ್ಲ ಅಂದ. ಆಮೇಲೆ ಅವರು ಕುಡಿದಿದ್ದರು ಎಂದು ಊರಿಗೆ ಹೇಳಿದ. ಇದನ್ನು ಅವನೇ ಬರೆ ಅಂದಿದ್ದಾನೆ. ನನಗೆ ಆವತ್ತೇ ಅನುಮಾನ ಇತ್ತು, ಹೆದರಿ ಬಿಚ್ಚಿ ನೋಡಲಿಲ್ಲ. ಇದು ನನ್ನ ಪಾಲು.

ಈಗ ಯಾಕೆ ಹೇಳಿದಿರಿ ಅಂತ ನೀವು ಕೇಳಬಹುದು. ಹೇಳಬಾರದು ಎಂಬುದಕ್ಕೂ ಕಾರಣ ಇತ್ತು, ಅದೇ ನನ್ನನ್ನು ಇಷ್ಟು ದಿನ ತಡೆಯಿತು. ಕಾರಿಗೆ ಈಗ ಸರಿಯಾದ ಪಟ್ಟಿ ಹಾಕಿದ್ದೇನೆ. ಆದರೂ ನಿಮಗೆ ಅದರಲ್ಲಿ ಕೂರಲು ಮನಸ್ಸು ಬಾರದಿದ್ದರೆ ಕೂರಬೇಡಿ. ಪೊಲೀಸಿಗೆ ಕೊಡುವುದಾದರೆ ಈ ಕಾಗದ ಸಾಕು, ಕೆಳಗೆ ಪೂರ್ತಿ ಹೆಸರು ಬರೆದಿದ್ದೇನೆ.

ಮಂಜುನಾಥಪ್ಪನ ಮಗ ಗುತ್ಯಪ್ಪ


ಹೊಸನಗರ
12 ಫೆಬ್ರವರಿ 2025

ಗುತ್ಯಪ್ಪನವರಿಗೆ,

ನಿಮ್ಮ ಕಾಗದ ಓದಿ ಒಂದು ವಾರವಾಯಿತು. ಸ್ಪಂದನಾಗೆ ನಿನ್ನೆ ಓದಲು ಕೊಟ್ಟೆ.

ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಆ ವರ್ಷ ಫೆಬ್ರವರಿಯಿಂದ ಆ ಕಾರಿನಲ್ಲಿ ಕೂತರೆ ನನಗೆ ತಲೆ ನೋಯುತ್ತಿತ್ತು. ಜೋಗಕ್ಕೆ ಹೋಗುವಷ್ಟರಲ್ಲಿ ಹೊಟ್ಟೆ ತೊಳಸುತ್ತಿತ್ತು. ಇಳಿದು ಅರ್ಧ ಗಂಟೆಗೆ ಸರಿಯಾಗುತ್ತಿತ್ತು. ಅವರಿಗೆ ಹೇಳಿದೆ. "ನಿಂಗೆ ಈ ಕಾರು ಕಂಡ್ರೆ ಆಗಲ್ಲ, ಅದ್ಕೆ ನೆಪ" ಅಂದರು. ಕುಂದಾಪುರಕ್ಕೆ ಹೊರಟ ದಿನ ಅದೇ ಮಾತಿಗೆ ಜಗಳವಾಗಿ ನಾನು ಹೋಗಲಿಲ್ಲ. ಬಾಗಿಲಿನಿಂದ ಆಚೆಗೂ ಬರಲಿಲ್ಲ.

ಆಸ್ಪತ್ರೆಯಲ್ಲಿ ಅವರು ಕಣ್ಣು ಬಿಟ್ಟು, "ತಲೆ ಭಾರ ಆಯ್ತು ಶ್ಯಾಮಲಾ" ಅಂದರು. ನಾನು, "ನೆಪ" ಅಂದೆ. ಅವರ ಮಾತನ್ನೇ ಅವರಿಗೆ ವಾಪಸು ಕೊಟ್ಟೆ. ಏಳು ವರ್ಷ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಇಬ್ಬರದೂ ಒಂದೇ ತಲೆನೋವು ಅಂತ ನಮಗೆ ಗೊತ್ತಾಗಲಿಲ್ಲ.

ಪೊಲೀಸಿಗೆ ಕೊಡುವುದಿಲ್ಲ. ಕ್ಷಮಿಸಿದ್ದೇನೆ ಎಂದೂ ಬರೆಯುವುದಿಲ್ಲ, ಅದು ಈಗ ನನ್ನಲ್ಲಿಲ್ಲ. ಕಾರನ್ನು ಸ್ಪಂದನಾ ಒಬ್ಬಳ ಕೈಯಲ್ಲಿ ಕಳಿಸಬೇಡಿ. 22ಕ್ಕೆ ಬೆಳಗ್ಗೆ ನೀವೇ ತನ್ನಿ. ತೀರ್ಥಹಳ್ಳಿಯಿಂದ ಯೋಗರಾಜ ಅವರೂ ಬರಲಿ. ಹೊಸನಗರ ಇಬ್ಬರಿಗೂ ನಡುವೆಯೇ ಇದೆ. ಒಬ್ಬರೇ ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ.

ಆ ಹಳೆಯ ಹಾಳೆ ಎರಡನ್ನೂ ತನ್ನಿ, ಎಸೆಯಬೇಡಿ. ಮೊದಲು ಅದನ್ನು ಹಾಕಿ ಹೊಗೆ ಹೇಗೆ ಒಳಗೆ ಬರುತ್ತದೆಂದು ತೋರಿಸಿ. ನಮ್ಮವರು ಕೂರುತ್ತಿದ್ದ ಜಾಗದಲ್ಲಿ ನಾನು ಕೂತು ನೋಡುತ್ತೇನೆ. ಆಮೇಲೆ ಹೊಸದನ್ನು ಹಾಕಿ. ಹಾಕುವವರೆಗೆ ಎಷ್ಟು ಹೊತ್ತಾದರೂ ಕಾಯುತ್ತೇವೆ. ಘಾಟಿಗೆ ಹೋಗುವುದು ಆಮೇಲೆ.

ಊದುಬತ್ತಿ ನಮ್ಮ ಮನೆಯಲ್ಲಿದೆ.

ಶ್ಯಾಮಲಾ ರವೀಂದ್ರ